ಪದ ಪರಿಚಯ: ನಿತ್ಯದ ಜನಾಂಗಭೇದ

ದ್ವೇಷದ ದಾಳಿಯೊಂದು ನಡೆದ ಮರುದಿನದ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸತ್ತವರ ಮೈಬಣ್ಣ, ಹೆಸರುಗಳ ಧಾಟಿ ಎರಡೂ ತನ್ನವೇ ಎಂದು ರಾತ್ರಿಯಿಡೀ ನಿದ್ದೆಗೆಟ್ಟವಳು ಕೆಲಸಕ್ಕೆ ಬಂದು ಕೂತಿದ್ದಾಳೆ. ಸುತ್ತಲಿನವರು ರಜೆಯ ಮಾತಾಡುತ್ತಿದ್ದಾರೆ. ಕೊನೆಗೆ ಅವಳೇ ಬಾಯಿಬಿಟ್ಟರೆ, "ಯಾವನೋ ತಲೆಕೆಟ್ಟವನು ಮಾಡಿದ್ದು, ನೀವ್ಯಾಕೆ ಮನಸ್ಸಿಗೆ ಹಚ್ಚಿಕೊಳ್ತೀರಿ?" ಎನ್ನುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಕೇಡಿಲ್ಲದಿರಬಹುದು. ಆದರೆ ಅವಳು ಆಮೇಲೆ ಆ ವಿಷಯ ಎತ್ತುವುದಿಲ್ಲ.

ಇಂಥದ್ದಕ್ಕೆ ನಿತ್ಯದ ಜನಾಂಗಭೇದ ಎಂಬ ಹೆಸರಿದೆ. ಕನ್ನಡದಲ್ಲಿ ‘ವರ್ಣಭೇದ ನೀತಿ’ ಎಂದ ಕೂಡಲೇ ನಮಗೆ ನೆನಪಾಗುವುದು ದಕ್ಷಿಣ ಆಫ್ರಿಕಾ, ಅಲ್ಲಿನ ಕಾನೂನು, ಬೇರೆ ಬೇರೆ ಬೆಂಚುಗಳು. ನಿತ್ಯದ ಜನಾಂಗಭೇದಕ್ಕೆ ಕಾನೂನೂ ಬೇಡ, ಫಲಕವೂ ಬೇಡ. ಅದು ಮಾತಿನಲ್ಲಿ, ನೋಟದಲ್ಲಿ, ಎಷ್ಟೋ ಸಲ ಮೌನದಲ್ಲೇ ನಡೆದುಹೋಗುತ್ತದೆ. ಈ ಪರಿಕಲ್ಪನೆಯನ್ನು ಬೆಳೆಸಿದವರು ನೆದರ್‌ಲ್ಯಾಂಡ್ಸ್‌ನ ವಿದ್ವಾಂಸೆ ಫಿಲೊಮೆನಾ ಎಸ್ಸೆಡ್. 1984ರಲ್ಲಿ ಡಚ್ ಭಾಷೆಯಲ್ಲಿ ಬಂದ ಅವರ ಅಧ್ಯಯನಕ್ಕೆ ಕಪ್ಪು ಮಹಿಳೆಯರು ಹೇಳಿಕೊಂಡ ಅನುಭವಗಳೇ ಆಧಾರ. "ನೀವು ಎಲ್ಲಿಯವರು?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಊರಿನ ಹೆಸರು ಹೇಳಿದ ಮೇಲೂ "ಅದಲ್ಲ, ನಿಜವಾಗಿ ಎಲ್ಲಿಯವರು?" ಎಂದಾಗ ಮಾತು ಚುಚ್ಚುತ್ತದೆ. ಒಮ್ಮೆಯಾದರೆ ಮರೆಯಬಹುದು, ಹುಟ್ಟಿದಾಗಿನಿಂದ ಕೇಳುತ್ತ ಬಂದವರಿಗೆ ಹೇಗೆ ಸಾಧ್ಯ? ದೂರು ಹೇಳಿದವರನ್ನೇ ‘ಅತಿ ಸೂಕ್ಷ್ಮ’ ಎಂದು ಸುಮ್ಮನಾಗಿಸುವುದೂ ಇದರದೇ ಭಾಗ ಎಂಬುದನ್ನು ಎಸ್ಸೆಡ್ ತೋರಿಸಿಕೊಟ್ಟರು. ನನ್ನ ಮಟ್ಟಿಗೆ ಈ ಪರಿಕಲ್ಪನೆಯ ತಿರುಳು ಇರುವುದೇ ಇಲ್ಲಿ.

ಹಾಗೆ ಸುಮ್ಮನಾಗಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಜರ್ಮನಿಯನ್ನು ನೋಡಬೇಕು. 2000ದಿಂದ 2006ರವರೆಗೆ ಅಲ್ಲಿ ಒಂಬತ್ತು ಮಂದಿ ಕೊಲೆಯಾದರು. ಎಂಟು ಮಂದಿ ಟರ್ಕಿ ಮೂಲದವರು, ಒಬ್ಬರು ಗ್ರೀಕ್ ಮೂಲದವರು. ಪೊಲೀಸರು ವರ್ಷಗಟ್ಟಲೆ ಸತ್ತವರ ಮನೆಯವರನ್ನೇ ಶಂಕಿಸಿದರು. ಪತ್ರಿಕೆಗಳು ಟರ್ಕಿಯ ಮಾಂಸದ ತಿಂಡಿ ಡೋನರ್‌ನ ಹೆಸರು ಅಂಟಿಸಿ ‘ಡೋನರ್ ಕೊಲೆಗಳು’ ಎಂದು ಬರೆದವು. 2006ರ ಮೇ ತಿಂಗಳಲ್ಲಿ ಕಾಸೆಲ್‌ನ ಬೀದಿಯಲ್ಲಿ ಆ ಕುಟುಂಬಗಳು ‘ಹತ್ತನೆಯ ಬಲಿ ಬೇಡ’ ಎಂದು ಮೆರವಣಿಗೆ ಹೊರಟವು. ಅವರ ಮಾತಿಗೆ ಕಿವಿಗೊಟ್ಟವರು ತೀರ ಕಡಿಮೆ. ಕೊಂದದ್ದು ನವನಾಜಿ ಗುಂಪು ಎಂದು ಬಯಲಾದದ್ದು 2011ರಲ್ಲಿ. ‘ಡೋನರ್ ಕೊಲೆಗಳು’ ಆ ವರ್ಷದ ಅತಿ ಹೇಯ ಪದವಾಗಿ ಆಯ್ಕೆಯಾಯಿತು. ಗಾಯದ ಮೇಲೆ ಎಳೆದ ಬರೆ ಅಷ್ಟರಿಂದ ಮಾಯುತ್ತದೆಯೇ?

2020ರ ಫೆಬ್ರುವರಿ 19ರ ರಾತ್ರಿ ಜರ್ಮನಿಯದೇ ಹಾನಾವ್ ಪಟ್ಟಣದಲ್ಲಿ ಜನಾಂಗದ್ವೇಷಿಯೊಬ್ಬ ವಲಸೆ ಮೂಲದ ಒಂಬತ್ತು ಮಂದಿಯನ್ನು ಗುಂಡಿಟ್ಟು ಕೊಂದ. ಆಗಲೂ ಮೊದಲ ಸುದ್ದಿಗಳಲ್ಲಿ ‘ಪರಕೀಯರ ಮೇಲಿನ ದ್ವೇಷ’ ಎಂಬ ಮಾತು ಓಡಾಡಿತು. ಸತ್ತವರಲ್ಲಿ ಹಲವರು ಅಲ್ಲೇ ಹುಟ್ಟಿ ಬೆಳೆದವರು. ಅವರನ್ನು ಪರಕೀಯರೆಂದು ಕರೆದರೆ ಕೊಂದವನ ಲೆಕ್ಕವನ್ನೇ ಒಪ್ಪಿಕೊಂಡಂತೆ.

ಹಾಗಾದರೆ ಆ ಕಚೇರಿಯಲ್ಲಿ ಏನು ಹೇಳಬಹುದಿತ್ತು? "ರಾತ್ರಿಯ ಸುದ್ದಿ ನೋಡಿದೆ. ಹೇಗಿದ್ದೀರಿ?" ಎಂದರೆ ಸಾಕಿತ್ತು. ಅವಳು ಹೇಳುವುದನ್ನು ನಡುವೆ ತಿದ್ದದೆ, ‘ಎಲ್ಲರೂ ಹಾಗಿರಲ್ಲ’ ಎಂದು ತಮ್ಮ ಸಮರ್ಥನೆಗಿಳಿಯದೆ ಕೇಳಿಸಿಕೊಳ್ಳಬೇಕಿತ್ತು. ಇನ್ನೊಬ್ಬರು ಹಗುರವಾಗಿ ಮಾತಾಡಿದರೆ ಉತ್ತರಿಸುವ ಹೊರೆ ಅವಳೊಬ್ಬಳ ಮೇಲೇ ಬೀಳದಂತೆ ನೋಡಿಕೊಳ್ಳಬೇಕಿತ್ತು. ಹಾನಾವ್‌ನ ಕುಟುಂಬಗಳು ಕೇಳಿದ್ದೂ ದೊಡ್ಡದೇನಲ್ಲ: ಕೊಂದವನ ಹೆಸರು ಬಿಡಿ, ನಮ್ಮವರ ಹೆಸರು ಹೇಳಿ. ಒಂಬತ್ತನ್ನೂ.