ಬಾಳ್ ಅಂದರೆ ಯಜಮಾನ

ಹೀಬ್ರೂ ತರಗತಿಯಲ್ಲಿ ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. ಕನ್ನಡ ಬೈಬಲಿನ ಎರಡು ಕಡೆ ಬೆರಳಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಸರ್, ಎರಡನೇ ಸಮುವೇಲದಲ್ಲಿ ಸೌಲನ ಮಗ ಈಷ್ಬೋಶೆತ್. ಒಂದನೇ ಪೂರ್ವಕಾಲವೃತ್ತಾಂತದಲ್ಲಿ ಎಷ್ಬಾಳ್. ಇಬ್ಬರೂ ಒಬ್ಬನೇನಾ?"

ಒಬ್ಬನೇ. ಅವನ ಅಪ್ಪ ಸೌಲ ಇಸ್ರಾಯೇಲಿನ ಮೊದಲ ಅರಸ. ಇನ್ನೂ ಹುಡುಕು ಅಂದೆ. ಸ್ವಲ್ಪ ಹೊತ್ತಿಗೆ ಸೌಲನ ಮೊಮ್ಮಗ, ಯೋನಾತಾನನ ಮಗನೂ ಸಿಕ್ಕಿದ. ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದು ಕುಂಟನಾದನಲ್ಲ, ಅವನು. ಸಮುವೇಲದಲ್ಲಿ ಮೆಫೀಬೋಶೆತ್, ಪೂರ್ವಕಾಲವೃತ್ತಾಂತದಲ್ಲಿ ಮೆರೀಬ್ಬಾಳ್. ಅರಸರಿಗೂ ಮುಂಚಿನ ನಾಯಕ ಗಿದ್ಯೋನನಿಗೂ ಹೀಗೇ ಆಗಿದೆ. ನ್ಯಾಯಸ್ಥಾಪಕರಲ್ಲಿ ಅವನು ಯೆರುಬ್ಬಾಳ್, ಎರಡನೇ ಸಮುವೇಲ 11ನೇ ಅಧ್ಯಾಯದ ಹೀಬ್ರೂ ಮೂಲದಲ್ಲಿ ಯೆರುಬ್ಬೆಶೆತ್. ಮೂರೂ ಕಡೆ 'ಬಾಳ್' ಇದ್ದ ಜಾಗದಲ್ಲಿ 'ಬೋಶೆತ್' ಬಂದು ಕೂತಿದೆ. ಬೋಶೆತ್ ಅಂದರೆ ನಾಚಿಕೆ, ಮಾನಗೇಡು. ಹೆತ್ತ ಮಗನಿಗೆ 'ಮಾನಗೇಡಿನ ಮನುಷ್ಯ' ಅಂತ ಯಾವ ಅಪ್ಪ ಹೆಸರಿಡುತ್ತಾನೆ?

ಯಾರೂ ಇಡುವುದಿಲ್ಲ. ಸೌಲ ಇಟ್ಟ ಹೆಸರು ಎಷ್ಬಾಳ್. 'ಬಾಳನ ಮನುಷ್ಯ' ಅಂತಲೋ 'ಬಾಳ್ ಇದ್ದಾನೆ' ಅಂತಲೋ ಅದರ ಅರ್ಥ. ಆದರೆ ಸೌಲ ಕಾನಾನ್ಯರ ದೇವರು ಬಾಳನ ಪೂಜೆ ಮಾಡಿದ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಅವನ ಹಿರಿಮಗನ ಹೆಸರು ಯೋನಾತಾನ, ಅಂದರೆ 'ಯೆಹೋವ ಕೊಟ್ಟ'. ಯೆಹೋವ ಇಸ್ರಾಯೇಲಿನ ದೇವರು. ಒಂದೇ ಮನೆಯಲ್ಲಿ ಒಬ್ಬ ಯೆಹೋವ ಕೊಟ್ಟವನು, ಇನ್ನೊಬ್ಬ ಬಾಳನ ಮನುಷ್ಯ. ಇದು ಹೇಗೆ ಸಾಧ್ಯ ಅನ್ನುವುದೇ ನನಗೆ ಬಲು ಇಷ್ಟದ ಪಾಠ.

ಬಾಳ್ ಅನ್ನುವುದು ಮೂಲದಲ್ಲಿ ದೇವರ ಹೆಸರೇ ಅಲ್ಲ. (ನಮ್ಮ 'ಬಾಳು' ಜೊತೆಗೂ ಅದಕ್ಕೆ ಸಂಬಂಧ ಇಲ್ಲ.) ಹೀಬ್ರೂವಿನಲ್ಲಿ ಅದು ದಿನಬಳಕೆಯ ಮಾತು. ಮನೆಯ ಒಡೆಯ ಮನೆಯ ಬಾಳ್. ಎತ್ತು ಯಾರನ್ನಾದರೂ ಹಾಯ್ದರೆ ಕಾನೂನು ಕೇಳುವುದು ಎತ್ತಿನ ಬಾಳನನ್ನು. ಹೆಂಗಸಿಗೆ ಗಂಡನೂ ಬಾಳ್. ಇಂಗ್ಲಿಷಿನಲ್ಲಿ ಪಾಠ ಮಾಡುವವರು ಇದಕ್ಕೆ ಮೂರು ಬೇರೆ ಬೇರೆ ಪದ ಹುಡುಕಬೇಕು. ನನಗೆ ಒಂದೇ ಸಾಕು, ಯಜಮಾನ. ಮನೆ ಯಜಮಾನ, ಜಮೀನಿನ ಯಜಮಾನ, "ನಮ್ಮ ಯಜಮಾನ್ರು ಊರಲ್ಲಿಲ್ಲ". ಇಷ್ಟು ಹೇಳಿದರೆ ಮಕ್ಕಳಿಗೆ ತಟ್ಟನೆ ಹಿಡಿಯುತ್ತದೆ.

ಕಾನಾನಿನಲ್ಲಿ ಮಳೆ ಗುಡುಗಿನ ದೇವರಿಗೆ ಹದದ್ ಅಂತ ಹೆಸರಿತ್ತು. ಜನ ಅವನನ್ನು 'ಯಜಮಾನ' ಅಂತ ಕರೆದು ಕರೆದು ಆ ಬಿರುದೇ ಹೆಸರಾಯಿತು. ಸಿರಿಯಾದ ಕರಾವಳಿಯಲ್ಲಿ 1928ರಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಒಂದು ಗೋರಿಯ ಕಲ್ಲು ತಾಗಿತು. ಮರುವರ್ಷ ಅಲ್ಲಿ ಅಗೆತ ಶುರುವಾಗಿ ಉಗಾರಿತ್ ಪಟ್ಟಣ ಹೊರಬಂತು. ಅದರ ಮಣ್ಣಿನ ಹಲಗೆಗಳಲ್ಲಿ ಮೋಡದ ಮೇಲೆ ಸವಾರಿ ಮಾಡುವ ಬಾಳನ ಕಥೆಗಳಿವೆ.

ಆದರೆ ಹಳೆಯ ಇಸ್ರಾಯೇಲಿನಲ್ಲಿ ಯೆಹೋವನನ್ನೂ 'ಯಜಮಾನ' ಅನ್ನುತ್ತಿದ್ದರು. ಇದಕ್ಕೆ ಸಾಕ್ಷಿ ಒಂದನೇ ಪೂರ್ವಕಾಲವೃತ್ತಾಂತ 12ರ ಪಟ್ಟಿಯಲ್ಲಿದೆ. ಚಿಕ್ಲಗಿನಲ್ಲಿ ದಾವೀದನ ಜೊತೆ ಸೇರಿಕೊಂಡ ಬೆನ್ಯಾಮೀನ್ ಕುಲದ ಒಬ್ಬ ಯೋಧ, ಹೆಸರು ಬೆಯಲ್ಯ. ಬಿಡಿಸಿದರೆ ಬಾಳ್ ಮತ್ತು ಯಾಹ್, 'ಯೆಹೋವನೇ ಯಜಮಾನ'. ಈ ಒಂದು ಹೆಸರು ಇಲ್ಲದಿದ್ದರೆ ಸೌಲನ ಮನೆಯ ಹೆಸರುಗಳನ್ನು ನಾವು ಸುಮ್ನೆ ವಿಗ್ರಹಾರಾಧನೆಯ ಲೆಕ್ಕಕ್ಕೆ ಬರೆದುಬಿಡುತ್ತಿದ್ದೆವು.

ಹೆಸರು ಕಟ್ಟುವ ರೀತಿಯೂ ಎಲ್ಲರದ್ದೂ ಒಂದೇ. ಅದೊಂದು ಪುಟ್ಟ ವಾಕ್ಯ. ದೇವರು ಕೊಟ್ಟ, ದೇವರು ಕೇಳಿದ, ದೇವರು ಕರುಣಿಸಿದ. 'ಹಾನನ್' ಅಂದರೆ ಕರುಣಿಸಿದ. ಎಲ್ಹಾನಾನ್, ದೇವರು ಕರುಣಿಸಿದ. ಯೋಹಾನಾನ್, ಯೆಹೋವ ಕರುಣಿಸಿದ. ಬಾಳ್‌ಹಾನಾನ್, ಬಾಳ್ ಕರುಣಿಸಿದ. ಈತ ಆದಿಕಾಂಡ 36ರಲ್ಲಿ ಬರುವ ಎದೋಮಿನ ಅರಸ. ರೋಮನ್ನರನ್ನು ನಡುಗಿಸಿದ ಕಾರ್ತೇಜಿನ ಹ್ಯಾನಿಬಲ್ ಕೂಡ ಇದೇ ಸಾಲಿನವನು. ಅವನ ಹೆಸರಿನಲ್ಲೂ ಇರುವುದು ಬಾಳನ ಕರುಣೆ. ನಮ್ಮ ಸಭೆಗಳಲ್ಲಿ ಇರುವ ಯೋಹಾನ, ಜಾನ್ ಎಲ್ಲರೂ ಹ್ಯಾನಿಬಲ್ಲನ ಹೆಸರಿನ ಅಣ್ಣತಮ್ಮಂದಿರು ಅಂದರೆ ತಪ್ಪಿಲ್ಲ.

ನೆಲದಿಂದ ಸಿಕ್ಕ ಸಾಕ್ಷಿ ಬೇಕು ಅನ್ನುವವರಿಗೆ ನಾನು ಒಂದು ಮಡಕೆ ಚೂರಿನ ಚಿತ್ರ ತೋರಿಸುತ್ತೇನೆ. 1910ರಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದ ಅರಮನೆಯ ಜಾಗದಲ್ಲಿ ಹಾರ್ವರ್ಡ್‌ನವರು ಅಗೆದಾಗ ಶಾಯಿಯಲ್ಲಿ ಬರೆದ ಇಂಥ ಬೋಕಿಗಳು ಹತ್ತಿರ ಹತ್ತಿರ ನೂರು ಸಿಕ್ಕವು. ಕ್ರಿಸ್ತಪೂರ್ವ 8ನೇ ಶತಮಾನದವು, ದ್ರಾಕ್ಷಾರಸ ಮತ್ತು ಎಣ್ಣೆಯ ಚೀಟಿಗಳು. ಎರಡನೆಯ ನಂಬರಿನ ಚೂರಿನಲ್ಲಿ ಹೀಗಿದೆ: ಹತ್ತನೇ ವರ್ಷ. ಗದ್ದಿಯಾವ್‌ಗೆ. ಅಜ್ಜಾ ಊರಿನಿಂದ. ಅಬೀಬಾಳ್ 2, ಆಹಾಜ್ 2, ಶೆಬಾ 1, ಮೆರೀಬಾಳ್ 1.

ಅಷ್ಟೇ. ಗುಮಾಸ್ತನೊಬ್ಬ ಬರೆದ ಲೆಕ್ಕ. ಆದರೆ ನೋಡಿ, ಮಾಲು ಹೋಗುತ್ತಿರುವುದು ಗದ್ದಿಯಾವ್‌ಗೆ, ಆ ಹೆಸರಿನ ಕೊನೆಯ 'ಯಾವ್' ಯೆಹೋವನದು, ಉತ್ತರದ ರಾಜ್ಯದವರ ಉಚ್ಚಾರಣೆ. ಅದೇ ಚೀಟಿಯಲ್ಲಿ ಬಾಳ್ ಸೇರಿದ ಎರಡು ಹೆಸರು. ಅದರಲ್ಲೂ ಒಂದು ಯೋನಾತಾನನ ಮಗನ ಹೆಸರೇ, ಇನ್ನೂರು ವರ್ಷ ಕಳೆದ ಮೇಲೂ ಚಾಲ್ತಿಯಲ್ಲಿದೆ. ಒಟ್ಟು ಚೂರುಗಳಲ್ಲಿ ಯೆಹೋವನ ಹೆಸರುಗಳೇ ಜಾಸ್ತಿ, ಆದರೆ ಬಾಳನವೂ ಕಡಿಮೆಯಿಲ್ಲ. ಈ ಬಾಳ್ ಯಾರು, ಹದದನೋ ಯೆಹೋವನೋ? ಚೂರು ಹೇಳುವುದಿಲ್ಲ. ಬಹುಶಃ ಮಗುವಿಗೆ ಹೆಸರಿಟ್ಟ ಎಲ್ಲ ಮನೆಗಳಲ್ಲೂ ಉತ್ತರ ಒಂದೇ ಆಗಿರಲಿಲ್ಲ.

ಪ್ರವಾದಿ ಹೋಶೇಯ ಇದೇ ರಾಜ್ಯದವನು, ಇದೇ ಶತಮಾನದವನು. ಅವನ 2ನೇ ಅಧ್ಯಾಯದ 16ನೇ ವಚನವನ್ನು ಈ ಚೂರಿನ ಪಕ್ಕದಲ್ಲಿಟ್ಟು ಓದಬೇಕು. ಆ ದಿನ ನೀನು ನನ್ನನ್ನು 'ಈಶೀ' ಅನ್ನುವಿ, ಇನ್ನು 'ಬಾಳೀ' ಅನ್ನುವುದಿಲ್ಲ ಅನ್ನುತ್ತಾನೆ ಯೆಹೋವ. ಎರಡಕ್ಕೂ ಅರ್ಥ ಗಂಡ ಅಂತಲೇ. ಆದರೆ 'ಈಶ್' ಅಂದರೆ ಗಂಡಸು, ನಮ್ಮ 'ಗಂಡು', 'ಗಂಡ' ಇದ್ದ ಹಾಗೆ. ಬಾಳೀ ಅಂದರೆ ನನ್ನ ಯಜಮಾನ. ಮುಂದಿನ ವಚನದಲ್ಲಿ ಬಾಳರ ಹೆಸರುಗಳನ್ನು ಅವಳ ಬಾಯಿಂದಲೇ ತೆಗೆದುಬಿಡುತ್ತೇನೆ ಅನ್ನುವ ಮಾತಿದೆ. ಜನ ಯೆಹೋವನನ್ನು ಬಾಳೀ ಅಂತ ಕರೆಯುತ್ತಲೇ ಇರದಿದ್ದರೆ, ಇನ್ನು ಕರೆಯುವುದಿಲ್ಲ ಅನ್ನುವ ಮಾತೇ ಬರುತ್ತಿರಲಿಲ್ಲ, ಅಲ್ವಾ?

ಬಾಯಿಂದ ತೆಗೆಯುವ ಆ ಕೆಲಸವನ್ನು ಆಮೇಲೆ ಲಿಪಿಕಾರರು ಮಾಡಿದರು. ಬಾಳ್ ಕಂಡಲ್ಲಿ ಬೋಶೆತ್ ಅಂತ ಬರೆದರು. ಓದುವಾಗಲೂ ಬದಲಾಯಿಸುತ್ತಿದ್ದರು ಅನ್ನುವುದಕ್ಕೆ ಗ್ರೀಕಿನಲ್ಲಿ ಸುಳಿವಿದೆ. ರೋಮಾಪುರದವರಿಗೆ ಬರೆದ ಪತ್ರ 11:4ರಲ್ಲಿ ಬಾಳ್‌ಗೆ ಮುಂಚೆ ಸ್ತ್ರೀಲಿಂಗದ ಆರ್ಟಿಕಲ್ (ಇಂಗ್ಲಿಷಿನ 'the' ಥರದ ಪದ) ಇದೆ. ಬಾಳ್ ಗಂಡು ದೇವರು, ಆರ್ಟಿಕಲ್ ಹೆಣ್ಣಿನದು. ಕಾರಣ, ಬರೆದಿದ್ದು ಬಾಳ್ ಆದರೂ ಓದುವವನ ಬಾಯಿಗೆ ಬರುತ್ತಿದ್ದ 'ನಾಚಿಕೆ' ಗ್ರೀಕಿನಲ್ಲಿ ಸ್ತ್ರೀಲಿಂಗ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಮೊದಲು ಕಂಡ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬೋಶೆತ್‌ಗೆ ಹಳೆಯ ಮೆಸೊಪೊಟೇಮಿಯಾದ ಅಕ್ಕಾದಿ ಭಾಷೆಯ, ಘನತೆ ಎಂಬ ಅರ್ಥದ ಪದವೊಂದು ಮೂಲ ಅನ್ನುವ ವಾದವೂ ಇದೆ. ಈ ಗ್ರೀಕ್ ಸುಳಿವು ನೋಡಿದ ಮೇಲೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ.

ಪೂರ್ವಕಾಲವೃತ್ತಾಂತದ ಪಟ್ಟಿಗಳಿಗೆ ಈ ಕೈ ಬೀಳಲಿಲ್ಲ. ಬರೀ ಹೆಸರುಗಳ ಪಟ್ಟಿ, ಓದುವವರು ಕಡಿಮೆ. ಅದರಿಂದಲೇ ಎಷ್ಬಾಳ್ ಉಳಿದ. 2012ರಲ್ಲಿ ಏಲಾ ಕಣಿವೆಯ ಖಿರ್ಬೆತ್ ಕೆಯಾಫದಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ಜೋಡಿಸಿದಾಗ 'ಎಷ್ಬಾಳ್ ಬೆನ್ ಬೆದಾ' ಅನ್ನುವ ಬರಹ ಕಂಡಿತು. ಸೌಲನ ಮಗ ಅಲ್ಲ, ಬೇರೆಯವನು. ಆದರೆ ಹೆಚ್ಚುಕಡಿಮೆ ಅದೇ ಕಾಲದವನು. ಆಮೇಲಿನ ದಕ್ಷಿಣದ ಯೆಹೂದ ರಾಜ್ಯದ ಮುದ್ರೆಗಳಲ್ಲಿ ಹುಡುಕಿದರೂ ಬಾಳ್ ಸಿಗುವುದು ಬಹಳ ಅಪರೂಪ, ಎಲ್ಲೆಲ್ಲೂ ಯೆಹೋವನ '‑ಯಾಹು'.

ಹೆಸರು ನೋಡಿ ಭಕ್ತಿ ಅಳೆಯುವವರಿಗೆ ಅಹಾಬನ ಮನೆ ತೋರಿಸುತ್ತೇನೆ. ಬಾಳನಿಗೆ ಗುಡಿ ಕಟ್ಟಿಸಿದ ಅರಸ ಅವನು. ಅವನ ಮಕ್ಕಳು ಅಹಜ್ಯ, ಯೋರಾಮ. ಎರಡರಲ್ಲೂ ಇರುವುದು ಯೆಹೋವ. ಬೇರೆ ದೇವರುಗಳ ಗುರುತೂ ಹೀಗೇ ಅಲ್ಲಲ್ಲಿ ಉಳಿದಿದೆ. ಅನಾತ್ ದೇವಿ ಯೆರೆಮೀಯನ ಊರು ಅನಾತೋತಿನಲ್ಲಿದ್ದಾಳೆ, ಸೂರ್ಯ ಬೇತ್‌ಷೆಮೆಷಿನಲ್ಲಿದ್ದಾನೆ. ಇಸ್ರಾಯೇಲ್ ಅನ್ನುವ ಹೆಸರಿನ ಕೊನೆಯಲ್ಲೇ ಕಾನಾನಿನ ಹಿರಿಯ ದೇವರು ಏಲ್ ಇದ್ದಾನೆ. ಆದರೆ ಏಲ್ ಅಂದರೆ ಬರೀ 'ದೇವರು' ಅಂತಲೂ ಆಗುವುದರಿಂದ ಅವನ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ.

ಆ ಹುಡುಗಿಗೆ ಕೊನೆಗೆ ತೋರಿಸಿದ್ದು ದಾವೀದನ ಮಗನನ್ನು. ಎರಡನೇ ಸಮುವೇಲ 5:16ರಲ್ಲಿ ಅವನು ಎಲ್ಯಾದ, 'ದೇವರು ಬಲ್ಲ'. ಒಂದನೇ ಪೂರ್ವಕಾಲವೃತ್ತಾಂತ 14:7ರಲ್ಲಿ ಬೆಲ್ಯಾದ, 'ಬಾಳ್ ಬಲ್ಲ'. ಅವಳು ಎರಡನ್ನೂ ಮತ್ತೆ ಮತ್ತೆ ಓದಿದಳು. "ಹಾಗಾದ್ರೆ ದಾವೀದ ಮನೇಲಿ ಅವನನ್ನ ಏನಂತ ಕೂಗ್ತಿದ್ದ ಸರ್?"

ಬೆಲ್ಯಾದ ಅಂತಲೇ ಅಂದೆ. ಅವಳು ಪೆನ್ಸಿಲ್ ತೆಗೆದು ಎರಡೂ ವಚನಗಳ ಪಕ್ಕ ಒಂದೊಂದು ಗೀಟು ಎಳೆದುಕೊಂಡಳು.