ಅಗ್ಗದ ಸ್ಕೋಪ್ ತಪ್ಪು ಅಂಕಿ ತೋರಿಸಿದರೆ: ಫರ್ಮ್‌ವೇರ್ ದೋಷ ಹಿಡಿಯುವ ಲೆಕ್ಕ

ಸಿಗ್ನಲ್ ಜನರೇಟರನ್ನೂ (ಬೇಕಾದ ತರಂಗ ಹೊರಡಿಸುವ ಭಾಗ) ತನ್ನೊಳಗೇ ಹೊಂದಿರುವ ಕಡಿಮೆ ಬೆಲೆಯ ಡಿಜಿಟಲ್ ಆಸಿಲೋಸ್ಕೋಪ್‌ನಲ್ಲಿ (ವಿದ್ಯುತ್ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಫರ್ಮ್‌ವೇರ್ ದೋಷ, ಅಂದರೆ ಉಪಕರಣದೊಳಗಿನ ಪ್ರೋಗ್ರಾಮ್‌ನ ತಪ್ಪು, ಹುಡುಕಲು ಒಂದು ಬಿಎನ್‌ಸಿ ಕೇಬಲ್ ಇದ್ದರೆ ಬಹುಪಾಲು ಸಾಕು. ಜನರೇಟರ್ ಔಟ್‌ಪುಟ್ಟನ್ನು ಚಾನೆಲ್ 1ಕ್ಕೆ ಜೋಡಿಸಿ, ಉತ್ತರ ಮೊದಲೇ ಗೊತ್ತಿರುವ ಸಿಗ್ನಲ್ ಕೊಡಿ. ಅಂಕಿ ತಪ್ಪಾಗಿದೆ ಎಂದಷ್ಟೇ ಬರೆದಿಟ್ಟರೆ ಪ್ರಯೋಜನವಿಲ್ಲ. ಎಷ್ಟು ತಪ್ಪಾಗಿದೆ ಎಂಬುದನ್ನು ನೋಡಿದರೆ ದೋಷ ಎಲ್ಲಿದೆ ಎಂಬುದೂ ಸಿಗುತ್ತದೆ.

ಮೊದಲು ಸ್ಕೋಪ್ ಅರ್ಧ ಗಂಟೆ ಬಿಸಿಯಾಗಲಿ. ಇನ್‌ಪುಟ್‌ಗಳನ್ನೆಲ್ಲ ಬಿಚ್ಚಿ ಸೆಲ್ಫ್ ಕ್ಯಾಲಿಬ್ರೇಷನ್ ಮಾಡಿ, ಫ್ಯಾಕ್ಟರಿ ಸೆಟ್ಟಿಂಗ್‌ಗೆ ತನ್ನಿ. ಕೇಬಲ್ ನೇರವಾಗಿರುವುದರಿಂದ ಪ್ರೋಬ್ ಮೆನುವಿನಲ್ಲಿ 1ಎಕ್ಸ್ (ಅಂಕಿಯನ್ನು ಗುಣಿಸದ ಸೆಟ್ಟಿಂಗ್), ಕಪ್ಲಿಂಗ್ ಡಿಸಿ. 1 ವೋಲ್ಟ್ ಕೇಳಿದರೆ 2 ವೋಲ್ಟ್ ಬರುತ್ತಿದೆಯೇ? ಅದು ದೋಷವಲ್ಲ. ಜನರೇಟರ್‌ನ ಲೋಡ್ ಸೆಟ್ಟಿಂಗ್ 50 ಓಮ್‌ಗೆ ಇದೆ, ಸ್ಕೋಪ್‌ನ ಇನ್‌ಪುಟ್ 1 ಮೆಗಾಓಮ್. 50 ಓಮ್ ಲೋಡ್‌ನಲ್ಲಿ ಅರ್ಧಕ್ಕೆ ಇಳಿಯುತ್ತದೆಂದು ಜನರೇಟರ್ ದುಪ್ಪಟ್ಟು ಹೊರಡಿಸುತ್ತದೆ, ಇಲ್ಲಿ ಅದು ಇಳಿಯುವುದಿಲ್ಲ. ಲೋಡನ್ನು ಹೈ-ಝಡ್‌ಗೆ (ಅತಿ ಹೆಚ್ಚು ರೋಧ) ಬದಲಿಸಿ. ಫರ್ಮ್‌ವೇರ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

ಈಗ ಎಫ್‌ಎಫ್‌ಟಿ, ಅಂದರೆ ಸಿಗ್ನಲ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಲೆಕ್ಕ. 1 ಕಿಲೋಹರ್ಟ್ಸ್ ಸೈನ್, ಪೀಕ್-ಟು-ಪೀಕ್ 2.828 ವೋಲ್ಟ್ ಕೊಡಿ. ಆರ್‌ಎಂಎಸ್ (ಅಷ್ಟೇ ಶಕ್ತಿ ಕೊಡುವ ಡಿಸಿ ವೋಲ್ಟೇಜ್) 1 ವೋಲ್ಟ್ ಆಗುತ್ತದೆ, ಹಾಗಾಗಿ ಫ್ಲಾಟ್-ಟಾಪ್ ವಿಂಡೋದಲ್ಲಿ (ವಿಂಡೋ ಎಂದರೆ ಲೆಕ್ಕಕ್ಕೆ ಮುನ್ನ ಸಿಗ್ನಲ್ ತುಣುಕಿನ ತುದಿಗಳನ್ನು ತಗ್ಗಿಸುವ ಗುಣಕ) ಶಿಖರ 0 ಡಿಬಿವಿ (1 ವೋಲ್ಟ್ ಆರ್‌ಎಂಎಸ್‌ಗೆ ಹೋಲಿಸಿದ ಡೆಸಿಬೆಲ್) ಹತ್ತಿರ ನಿಲ್ಲಬೇಕು. +3 ಬಂದರೆ ಪ್ರೋಗ್ರಾಮ್ ಆರ್‌ಎಂಎಸ್ ಬದಲು ಪೀಕ್ ಮೌಲ್ಯ ಹಿಡಿದಿದೆ; +9 ಬಂದರೆ ಪೀಕ್-ಟು-ಪೀಕ್. ವಿಂಡೋ ಇಲ್ಲದಾಗ ಸರಿಯಾಗಿದ್ದು ಹ್ಯಾನಿಂಗ್ ಹಾಕಿದೊಡನೆ 6 ಡಿಬಿ ಕುಸಿದರೆ, ಆ ವಿಂಡೋ ಸಿಗ್ನಲ್ಲನ್ನು ಅರ್ಧಕ್ಕೆ ಇಳಿಸುವುದನ್ನು ಸರಿದೂಗಿಸಲು ಮರೆತಿದ್ದಾರೆ. ಆಮೇಲೆ ಪ್ರೋಬ್ ಮೆನುವನ್ನು 10ಎಕ್ಸ್ ಮಾಡಿ: ಶಿಖರ ಸರಿಯಾಗಿ 20 ಡಿಬಿ ಏರಬೇಕು. ಏರದಿದ್ದರೆ ಪ್ರೋಬ್ ಗುಣಕ ಎಫ್‌ಎಫ್‌ಟಿಗೆ ತಲುಪುತ್ತಿಲ್ಲ.

ಆರ್‌ಎಂಎಸ್ ಅಳತೆಗೆ 1 ವೋಲ್ಟ್ ಪೀಕ್-ಟು-ಪೀಕ್ ಸೈನ್, ಜೊತೆಗೆ 0.5 ವೋಲ್ಟ್ ಆಫ್‌ಸೆಟ್. 612 ಮಿಲಿವೋಲ್ಟ್ ಸರಿ. 354 ಬಂದರೆ ಡಿಸಿ ಭಾಗ ಬಿಟ್ಟುಹೋಗಿದೆ. ಟೈಮ್‌ಬೇಸ್ ತಿರುಗಿಸಿದಂತೆ ಅಂಕಿ ತೂಗಾಡಿದರೆ ಪೂರ್ಣ ಆವರ್ತಗಳ ಬದಲು ಇಡೀ ಪರದೆಯ ಲೆಕ್ಕ ನಡೆಯುತ್ತಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಜನರೇಟರ್‌ನ ಫ್ರೀಕ್ವೆನ್ಸಿಯದು. ಡಿಡಿಎಸ್ (ತರಂಗವನ್ನು ಅಂಕಿಗಳಿಂದ ಕಟ್ಟುವ) ಜನರೇಟರ್ ಪ್ರತಿ ಕ್ಲಾಕ್‌ಗೂ ಒಂದು ಪೂರ್ಣಾಂಕವನ್ನು ರಿಜಿಸ್ಟರ್‌ಗೆ ಕೂಡಿಸುತ್ತ ಹೋಗುತ್ತದೆ; ಅದು ತುಂಬಿ ಮರಳಿದಾಗ ಒಂದು ಆವರ್ತ. ಕ್ಲಾಕ್ 250 ಮೆಗಾಹರ್ಟ್ಸ್, ಕೂಡಿಸುವ ರಿಜಿಸ್ಟರ್ 32 ಬಿಟ್ ಎಂದುಕೊಳ್ಳಿ. ಒಂದು ಮೆಟ್ಟಿಲು, ಅಂದರೆ ಕ್ಲಾಕನ್ನು 2ರ 32ನೇ ಘಾತದಿಂದ ಭಾಗಿಸಿದ್ದು, ಸುಮಾರು 0.0582 ಹರ್ಟ್ಸ್. 10 ಹರ್ಟ್ಸ್‌ಗೆ ಬೇಕಾದ ಸಂಖ್ಯೆ 171.8. ಅದನ್ನು 172 ಮಾಡಿದರೆ 10.012 ಹರ್ಟ್ಸ್. ದಶಮಾಂಶವನ್ನು ಕತ್ತರಿಸಿ 171 ಮಾಡಿದರೆ 9.954. ಕತ್ತರಿಸುವುದು ಪ್ರೋಗ್ರಾಮರ್‌ನ ಅಜಾಗರೂಕತೆ, ಹಾರ್ಡ್‌ವೇರ್ ಮಿತಿಯಲ್ಲ.

ನೋಡುವುದು ಹೀಗೆ: 10 ಹರ್ಟ್ಸ್ ಸ್ಕ್ವೇರ್ ವೇವ್ ಕೊಡಿ, ಏರುವ ಅಂಚಿಗೆ ಟ್ರಿಗರ್ (ಸಮಯದ ಎಣಿಕೆ ಶುರುವಾಗುವ ಗುರುತು) ಇಡಿ. ಮೋಡ್ ನಾರ್ಮಲ್ ಇರಲಿ. ಆಟೋ ಮೋಡ್ ಇಷ್ಟು ನಿಧಾನದ ಸಿಗ್ನಲ್‌ಗೆ ಕಾಯದೆ ತಾನಾಗಿ ಓಡಿಬಿಡಬಹುದು. ಹಾರಿಜಾಂಟಲ್ ಡಿಲೇಯನ್ನು 1 ಸೆಕೆಂಡ್ ಮಾಡಿ, ಟೈಮ್‌ಬೇಸನ್ನು ಡಿವಿಷನ್‌ಗೆ (ಪರದೆಯ ಒಂದು ಚೌಕಕ್ಕೆ) 2 ಮಿಲಿಸೆಕೆಂಡ್‌ಗೆ ಇಳಿಸಿ. ಈಗ ಪರದೆಯಲ್ಲಿ ಕಾಣುವುದು ಹತ್ತು ಆವರ್ತ ದಾಟಿದ ಅಂಚು. 172 ಆಗಿದ್ದರೆ ನಡುಗೆರೆಯಿಂದ ಅರ್ಧ ಡಿವಿಷನ್‌ಗಿಂತ ತುಸು ಹೆಚ್ಚು ಎಡಕ್ಕೆ, 171 ಆಗಿದ್ದರೆ 2.3 ಡಿವಿಷನ್ ಬಲಕ್ಕೆ. ನಿಮ್ಮ ಸ್ಕೋಪ್‌ನ ಕ್ಲಾಕ್ ಬೇರೆಯಾದರೆ ಅದನ್ನೇ ಹಾಕಿ ಲೆಕ್ಕ ಮಾಡಿಕೊಳ್ಳಿ.

ಜನರೇಟರ್ ಮತ್ತು ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಕ್ಲಾಕ್ ಕೊಡುವ ಒಂದೇ ಕ್ರಿಸ್ಟಲ್‌ನಿಂದ ನಡೆಯುತ್ತಿದ್ದರೆ ಆ ಕ್ರಿಸ್ಟಲ್ಲೇ ತಪ್ಪಿದ್ದರೂ ಈ ವಿಧಾನದಲ್ಲಿ ಗೊತ್ತಾಗದು: ಇಬ್ಬರೂ ಒಟ್ಟಿಗೆ ತಪ್ಪುತ್ತಾರೆ. ಅದಕ್ಕೆ ಜಿಪಿಎಸ್ ಮಾಡ್ಯೂಲ್‌ನ ಸೆಕೆಂಡಿಗೊಂದು ಪಲ್ಸ್ ಬೇಕು. ಅದೇ 1 ಸೆಕೆಂಡ್ ಡಿಲೇ ಇಟ್ಟಾಗ ಅಂಚು 50 ಮೈಕ್ರೋಸೆಕೆಂಡ್ ಸರಿದಿದ್ದರೆ ಕ್ರಿಸ್ಟಲ್ ದೋಷ 50 ಪಿಪಿಎಂ (ಹತ್ತು ಲಕ್ಷಕ್ಕೆ 50).

ಅನುಮಾನ ಉಳಿದರೆ ಅದೇ ಕ್ಯಾಪ್ಚರನ್ನು ಸಿಎಸ್‌ವಿ ಫೈಲಾಗಿ ಉಳಿಸಿ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ. ಫೈಲ್ ಸರಿ, ಪರದೆಯ ಅಂಕಿ ತಪ್ಪು ಎಂದಾದರೆ ಅಳತೆಯ ಅಥವಾ ತೋರಿಸುವ ಕೋಡ್‌ನಲ್ಲಿ ದೋಷವಿದೆ. ಎರಡೂ ಒಂದೇ ರೀತಿ ತಪ್ಪಿದ್ದರೆ ಜನರೇಟರ್ ಅಥವಾ ಸ್ಯಾಂಪ್ಲಿಂಗ್ ಕಡೆ ಹುಡುಕಬೇಕು. ತಯಾರಕರಿಗೆ ಬರೆಯುವಾಗ ಫರ್ಮ್‌ವೇರ್ ಮತ್ತು ಹಾರ್ಡ್‌ವೇರ್ ಆವೃತ್ತಿ, ಫ್ಯಾಕ್ಟರಿ ಸೆಟ್ಟಿಂಗ್‌ನಿಂದ ಶುರುಮಾಡಿ ಒತ್ತಿದ ಗುಂಡಿಗಳ ಕ್ರಮ, ಆ ಫೈಲ್, ಇಷ್ಟನ್ನೂ ಸೇರಿಸಿ. ಹೊಸ ಫರ್ಮ್‌ವೇರ್ ಬಂದರೆ ಅದು ನಿಮ್ಮ ಹಾರ್ಡ್‌ವೇರ್ ಆವೃತ್ತಿಗೇ ಎಂದು ಖಚಿತಪಡಿಸಿಕೊಂಡೇ ಹಾಕಿ, ನಡುವೆ ಕರೆಂಟ್ ಹೋಗದಂತೆ ನೋಡಿಕೊಳ್ಳಿ, ಮುಗಿದ ಮೇಲೆ ಕ್ಯಾಲಿಬ್ರೇಷನ್ ಮಾಡಿ ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸಿ. ಒಂದು ದೋಷ ತಿದ್ದಲು ಹೋಗಿ ಸರಿಯಿದ್ದ ಇನ್ನೊಂದನ್ನು ಕೆಡಿಸಿರುವುದೂ ಉಂಟು.