ಬಿಡಬಾರದ ಮಾತ್ರೆ ಬಿಟ್ಟು, ಬಿಡಬೇಕಾದ್ದನ್ನು ಹಿಡಿದವರು

ಖಿನ್ನತೆಗೆ ಮಾತ್ರೆ ಶುರುಮಾಡಿದವರು ಎರಡು ಮೂರು ತಿಂಗಳಿಗೆ ನಾಪತ್ತೆಯಾಗುತ್ತಾರೆ. ಮತ್ತೆ ಮುಖ ಕಾಣುವುದು ಕಾಯಿಲೆ ತಿರುಗಿ ಬಂದಾಗಲೇ. ಯಾಕೆ ಬಿಟ್ಟಿರಿ ಅಂದರೆ, "ಚೆನ್ನಾಗಾಯ್ತಲ್ಲ ಸಾರ್, ಸುಮ್ಮನೆ ಅಭ್ಯಾಸ ಆಗಿಬಿಟ್ರೆ ಅಂತ."

ಈಚೆಗೆ ಬಂದ ಅಡಿಕೆ ಬೆಳೆಗಾರರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಎರಡು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಬೆಳಗ್ಗೆಯ ಎಸಿಟಲೋಪ್ರಾಮ್, ಅಂದರೆ ಖಿನ್ನತೆಯ ದೊಡ್ಡ ಮಾತ್ರೆ, ಹೆಚ್ಚುಕಡಿಮೆ ಹಾಗೇ ಇತ್ತು. ಆತಂಕ, ನಿದ್ದೆಗೇಡಿಗೆ ಕೊಡುವ ಸಣ್ಣ ಮಾತ್ರೆ ಕ್ಲೋನಜೆಪಾಮ್; ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಅದರ ತುಂಡಿನಲ್ಲಿ ಎರಡೇ ಮಾತ್ರೆ ಉಳಿದಿದ್ದವು. "ದೊಡ್ಡದು ನಿಲ್ಲಿಸಿದೀನಿ. ಈ ಸಣ್ಣದು ಇಲ್ದಿದ್ರೆ ನಿದ್ದೆ ಹತ್ತಲ್ಲ" ಅಂದರು. ಪಕ್ಕದಲ್ಲಿದ್ದ ಹೆಂಡತಿ, "ನಾನೇ ಬಿಡಿಸಿದ್ದು" ಅಂದರು. ಗಂಡನ ಮೇಲಿನ ಕಾಳಜಿಯಿಂದಲೇ ಮಾಡಿದ್ದು. ಗದರಲು ನನಗೆ ಬಾಯಿ ಬರಲಿಲ್ಲ.

ಆದರೆ ಆಗಿದ್ದು ಪೂರ್ತಿ ತಿರುಗುಮುರುಗು. ಅಭ್ಯಾಸವಾಗುವುದು ಆ ಸಣ್ಣ ಮಾತ್ರೆಯೇ. ಎಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥವು ಕೆಲಸ ಶುರುಮಾಡಲು 2ರಿಂದ 4 ವಾರ ಬೇಕು. ಅಲ್ಲಿಯವರೆಗೆ ಎದೆ ಢವಢವ, ನಿದ್ದೆಗೇಡು ತಡೆಯಲೆಂದು ಕ್ಲೋನಜೆಪಾಮನ್ನು ಕೆಲವು ವಾರಕ್ಕಷ್ಟೇ ಕೊಡುತ್ತೇವೆ. ನುಂಗಿದ ರಾತ್ರಿಯೇ ಹಿತವೆನಿಸುವುದರಿಂದ ಜನ ಅದನ್ನೇ ನಂಬುತ್ತಾರೆ, ಹಳೆಯ ಚೀಟಿಯಲ್ಲೇ ಮತ್ತೆ ಮತ್ತೆ ಕೊಳ್ಳುತ್ತಾರೆ. ದಿನ ಕಳೆದಂತೆ ಅರ್ಧ ಸಾಲದು, ಒಂದು ಬೇಕು.

ದೊಡ್ಡ ಮಾತ್ರೆಗೆ ಈ ಚಟವಿಲ್ಲ. ಥಟ್ಟನೆ ಬಿಟ್ಟರೆ ಕೆಲವರಿಗೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಝುಮ್ಮು, ಸಿಡುಕು ಬರುವುದುಂಟು, ನಿಜ. "ನೋಡಿ, ಅಡಿಕ್ಟ್ ಆಗಿದೀನಿ" ಎಂದು ಅವರು ಹೆದರುವುದು ಅದಕ್ಕೇ. ಹಾಗಾಗಬಾರದೆಂದೇ ಡೋಸನ್ನು ಹಂತಹಂತವಾಗಿ ಇಳಿಸುವುದು.

ಎಷ್ಟು ದಿನ ತೆಗೆದುಕೊಳ್ಳಬೇಕು? ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲ ಸಲದ ಖಿನ್ನತೆಯಾದರೆ ಸಾಮಾನ್ಯವಾಗಿ ಕನಿಷ್ಠ 6ರಿಂದ 9 ತಿಂಗಳು. ಈ ಲೆಕ್ಕ ಶುರುವಾಗುವುದು ಮೊದಲ ಮಾತ್ರೆ ನುಂಗಿದ ದಿನದಿಂದಲ್ಲ, ಪೂರ್ತಿ ಚೆನ್ನಾದ ದಿನದಿಂದ. ಊಟ ಸೇರುತ್ತಿದೆ, ತೋಟದ ಕಡೆ ಹೋಗುವ ಮನಸ್ಸಾಗುತ್ತಿದೆ, ಮೊಮ್ಮಗನನ್ನು ಎತ್ತಿಕೊಂಡರೆ ಖುಷಿಯಾಗುತ್ತಿದೆ ಅನ್ನಿ, ಎಣಿಕೆ ಅಲ್ಲಿಂದ. ಆ ತಿಂಗಳುಗಳಲ್ಲೇ ಕಾಯಿಲೆ ತಿರುಗಿ ಬರುವ ಸಂಭವ ಹೆಚ್ಚು. ಹಲವು ಸಲ ಬಂದುಹೋಗಿದ್ದರೆ 2 ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಅದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು. ಆಪ್ತಸಮಾಲೋಚನೆ, ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ ಎಲ್ಲವೂ ಜೊತೆಗಿರಲಿ.

ಇದನ್ನು ಓದಿ ಯಾರೂ ಇವತ್ತು ರಾತ್ರಿಯೇ ಕ್ಲೋನಜೆಪಾಮ್ ಕಸಕ್ಕೆ ಎಸೆಯಬೇಡಿ. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಎರಡೂ ಸ್ಟ್ರಿಪ್ ಹಿಡಿದುಕೊಂಡು ಬನ್ನಿ. ದೂರದ ಊರಾಗಿ ಕೂಡಲೇ ಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.